ಏಳುಕೋಟಿ ಮೂರು ಸಲ: ಕೂಡುವ ಲೆಕ್ಕದ ಬಗ್ಗೆ ಕೆಲವು ವಿಚಾರ

ನವರಾತ್ರಿಯ ಕೊನೆಗೆ, ಆಯುಧಪೂಜೆಯ ದಿನ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಏರುತ್ತಾನೆ. ಸದ್ದು ಅಡಗುತ್ತದೆ. ಆತ ನುಡಿದ ಒಂದೇ ಸಾಲನ್ನು ಜನ ಹೊತ್ತುಕೊಂಡು ಹೋಗಿ ಮಳೆಗೆ, ಬೆಳೆಗೆ, ಪೇಟೆಯ ಧಾರಣೆಗೆ, ರಾಜಕಾರಣಕ್ಕೆ ಅನ್ವಯಿಸಿ ಬಿಡಿಸಿಕೊಳ್ಳುತ್ತಾರೆ. ಆ ಮೌನದ ಹಿಂದೆಯೂ ಮುಂದೆಯೂ ಗುಡ್ಡವನ್ನು ತುಂಬುವ ಕೂಗು ಒಂದೇ: ಏಳುಕೋಟಿ. ಅದನ್ನು ಒಂದು ಸಲ ಹೇಳಿ ಬಿಡುವುದಿಲ್ಲ, ಮೂರು ಸಲ ಹೇಳುತ್ತಾರೆ. ಏಳು ಕೋಟಿಯನ್ನು ಮೂರು ಸಲ ಹೇಳಿದರೆ ಶಾಲೆಯ ಮಗುವಿನ ಲೆಕ್ಕದಲ್ಲಿ 21 ಕೋಟಿಯಾಗಬೇಕು. ಗುಡ್ಡದಲ್ಲಿ ನೆರೆದ ಯಾರಿಗೂ ಹಾಗೆ ಕೂಡಬೇಕೆನ್ನಿಸುವುದಿಲ್ಲ. ಭೀಮಾ ನದಿಯ ಆಚೆ ಖಂಡೋಬನ ಭಕ್ತರು ‘ಯೇಳಕೋಟ’ ಎಂದು ಇದೇ ಕನ್ನಡ ಪದವನ್ನು ಮರಾಠಿಯಲ್ಲಿ ಕೂಗುತ್ತಾರೆ. ಅಲ್ಲಿಯೂ ಅದರ ಮೊತ್ತ ತೆಗೆಯುವವರಿಲ್ಲ.

ಈ ಕೂಗಿಗೆ ಪುರಾಣದ ಅರ್ಥವುಂಟು. ಮಣಿ ಮಲ್ಲರೆಂಬ ದೈತ್ಯರನ್ನು ಕೊಲ್ಲಲು ಮೈಲಾರನು ಏಳು ಕೋಟಿ ಸೈನ್ಯದೊಡನೆ ಹೊರಟನೆಂಬುದು ಕಥೆ. ಸೈನ್ಯ ಒಂದೇ, ಹೆಸರು ಹಿಡಿಯುವುದು ಮೂರು ಸಲ. ಒಬ್ಬನ ಹೆಸರನ್ನು ಮೂರು ಸಲ ಕರೆದರೆ ಬರುವವನು ಒಬ್ಬನೇ. ಹಾಗಾದರೆ ಸಂಖ್ಯೆಯ ಮಾತು ಯಾವಾಗ ಎಣಿಕೆಯಾಗುತ್ತದೆ, ಯಾವಾಗ ಬರಿಯ ಹೆಸರಾಗಿ ಉಳಿಯುತ್ತದೆ? ಒಂದಕ್ಕೆ ಇನ್ನೊಂದನ್ನು ಸೇರಿಸಬಹುದು ಎಂಬ ಅನುಮತಿಯನ್ನು ಕೊಡುವವರು ಯಾರು? ಕನ್ನಡದ ‘ಕೂಡು’ ಎಂಬ ಕ್ರಿಯಾಪದದಲ್ಲಿಯೇ ಈ ತೊಡಕು ಅಡಗಿದೆ. ಕೂಡು ಎಂದರೆ ಲೆಕ್ಕ ಮಾಡು, ಜೊತೆಯಾಗು, ಒಂದಾಗು. ಅದನ್ನೇ ನಿಷೇಧರೂಪಕ್ಕೆ ತಂದರೆ ‘ಕೂಡದು’, ಅಂದರೆ ಸಲ್ಲದು. ಕೂಡಬಹುದಾದದ್ದು ಯಾವುದು, ಕೂಡದ್ದು ಯಾವುದು ಎಂಬ ವಿಚಾರವನ್ನು ಕರ್ನಾಟಕದ ಜೈನ ಪರಂಪರೆ ತುಂಬ ಹಿಂದೆಯೇ, ತುಂಬ ಬಿಗಿಯಾಗಿ ನಡೆಸಿದೆ. ಇಂದಿನ ಸಾಹಿತ್ಯ ಸಂಶೋಧನೆ ಕೂಡುವುದರಲ್ಲಿ ಉತ್ಸಾಹಿ. ಅನುಮತಿ ಕೇಳುವುದರಲ್ಲಿ ಮಾತ್ರ ಅಷ್ಟು ಎಚ್ಚರದ್ದಲ್ಲ.

ಮಹಾವೀರಾಚಾರ್ಯನಿಂದ ತೊಡಗುವುದು ಸೂಕ್ತ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ರಚಿತವಾದ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿತು. ಗ್ರಂಥದಲ್ಲಿ ಗಣಿತದ ಮೂಲಕ್ರಿಯೆಗಳಿಗೆ ಪರಿಕರ್ಮವೆಂದು ಹೆಸರು. ಅವು ಎಂಟು: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಏಳನೆಯದಾದ ಸಂಕಲಿತವನ್ನು ಕಂಡು ಇದೇ ಕೂಡುವ ಲೆಕ್ಕವೆಂದು ಭಾವಿಸುವವರುಂಟು. ಆದರೆ ಅಲ್ಲಿರುವುದು ಶ್ರೇಢಿಯ ಮೊತ್ತ, ಅಂದರೆ ಕ್ರಮವಾಗಿ ಬೆಳೆಯುವ ಸಂಖ್ಯೆಗಳ ಸಾಲನ್ನು ಒಟ್ಟುಮಾಡುವ ವಿಧಾನ. ಎರಡಕ್ಕೆ ಮೂರು ಸೇರಿದರೆ ಐದು ಎಂಬ ಸಾದಾ ಕೂಡಿಕೆಗೆ ಮಹಾವೀರಾಚಾರ್ಯನಲ್ಲಿ ಪರಿಕರ್ಮದ ಸ್ಥಾನವಿಲ್ಲ. ಅವನಿಗಿಂತ ಹಿಂದಿನ ಬ್ರಹ್ಮಗುಪ್ತ ತನ್ನ ಇಪ್ಪತ್ತು ಪರಿಕರ್ಮಗಳಲ್ಲಿ ಸಾದಾ ಕೂಡಿಕೆಗೂ ಸ್ಥಾನ ಕೊಟ್ಟಿದ್ದ. ಮುಂದೆ 1150ರಲ್ಲಿ ಭಾಸ್ಕರಾಚಾರ್ಯನ ‘ಲೀಲಾವತಿ’ 2, 5, 32, 193, 18, 10, 100 ಇವುಗಳನ್ನು ಕೂಡಿ ಹೇಳೆಂದು ಹುಡುಗಿಯೊಬ್ಬಳನ್ನು ಕೇಳುವುದರಿಂದಲೇ ಪರಿಕರ್ಮಗಳನ್ನು ಆರಂಭಿಸುತ್ತದೆ. ಉತ್ತರ 360. ಇವರಿಬ್ಬರ ನಡುವೆ ನಿಂತ ಕನ್ನಡನಾಡಿನ ಜೈನ ಗಣಿತಜ್ಞ ಕೂಡುವುದನ್ನೂ ಕಳೆಯುವುದನ್ನೂ ಹೊರಗಿಟ್ಟ.

ಅತಿ ಸುಲಭವೆಂದು ಬಿಟ್ಟನೆಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಅದು ಸರಿಯಿರಬಹುದು. ಆದರೂ ಅದೇ ಗ್ರಂಥದಲ್ಲಿ ಅವನು ಆಡುವ ಆಟಗಳನ್ನು ನೋಡಿದರೆ ಕೂಡಿಕೆಯ ಮೇಲೆ ಅವನಿಗೆ ಅಸಡ್ಡೆಯಿತ್ತೆನ್ನಲು ಮನಸ್ಸು ಬಾರದು. ಭಿನ್ನರಾಶಿಗಳ ಭಾಗದಲ್ಲಿ ಅವನದೊಂದು ಸೂತ್ರವಿದೆ. ಒಂದನ್ನು, ಪೂರ್ತಿ ಒಂದನ್ನು, ಅಂಶದಲ್ಲಿ ಒಂದೇ ಇರುವ ಹಲವು ಭಿನ್ನಗಳ ಮೊತ್ತವಾಗಿ ಬರೆಯುವುದು ಹೇಗೆ? ಒಂದರಿಂದ ತೊಡಗಿ ಮೂರು ಮೂರರಿಂದ ಗುಣಿಸುತ್ತ ಹೋಗಬೇಕು: 1, 3, 9, 27. ಮೊದಲನೆಯದನ್ನು ಎರಡರಿಂದ, ಕೊನೆಯದನ್ನು ಮೂರರಲ್ಲಿ ಎರಡು ಪಾಲಿನಿಂದ ಗುಣಿಸಬೇಕು. ಆಗ ಛೇದಗಳು 2, 3, 9, 18. ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಕೂಡಿದರೆ ಸರಿಯಾಗಿ ಒಂದು. ಸಾಲನ್ನು ಎಷ್ಟು ಬೇಕಾದರೂ ಉದ್ದ ಮಾಡಬಹುದು, ಮೊತ್ತ ಅಲುಗುವುದಿಲ್ಲ. ಒಂದಕ್ಕೆ ಒಂದು ಸೇರಿಸುವ ಪಾಠವನ್ನು ಬಿಟ್ಟವನು ಒಂದರೊಳಗೇ ಎಷ್ಟು ಒಂದುಗಳನ್ನು ಕೂಡಿಸಬಹುದೆಂದು ತೋರಿಸಿದ. ಅವನ ಮಾಲೆಯಂಥ ಸಂಖ್ಯೆಗಳೂ ಹೀಗೆಯೇ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಇದರಿಂದ ವ್ಯಾಪಾರಿಗೇನೂ ಪ್ರಯೋಜನವಿಲ್ಲ. ಕೊರಳಿಗೆ ಹಾಕಿಕೊಳ್ಳುವ ಹಾರದಂತೆ ನೋಡಿ ನಲಿಯಬೇಕು, ಅಷ್ಟೇ. ಸೊನ್ನೆಯನ್ನು ಕೂಡಿದರೆ ಸಂಖ್ಯೆ ಬದಲಾಗದು ಎಂದೂ ಅವನು ಹೇಳಿದ. ಸೊನ್ನೆಯಿಂದ ಭಾಗಿಸಿದರೂ ಬದಲಾಗದು ಎಂದು ಅದೇ ಉಸಿರಿನಲ್ಲಿ ಸೇರಿಸಿದ್ದನ್ನು ಇಂದಿನ ಗಣಿತ ಒಪ್ಪುವುದಿಲ್ಲ. ದೊಡ್ಡವರ ತಪ್ಪನ್ನು ಮುಚ್ಚಿಡುವ ಅಗತ್ಯವಿಲ್ಲ.

ಮಹಾವೀರಾಚಾರ್ಯ ಬಿಟ್ಟ ಪ್ರಶ್ನೆಯನ್ನು ಸಿದ್ಧಾಂತಗ್ರಂಥಗಳು ಎತ್ತಿಕೊಂಡಿವೆ. ಒಂದಕ್ಕೆ ಒಂದು ಕೂಡಿದರೆ ಎರಡು ಎನ್ನುವ ಮೊದಲು ಒಂದು ಸಂಖ್ಯೆಯೇ ಎಂದು ಅವು ಕೇಳುತ್ತವೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ‘ತ್ರಿಲೋಕಸಾರ’ದಲ್ಲಿ ಮೂರು ಮೆಟ್ಟಿಲು ಹಾಕುತ್ತಾನೆ: ಗಣನೆ ಒಂದರಿಂದ, ಸಂಖ್ಯಾತ ಎರಡರಿಂದ, ಕೃತಿ ಮೂರರಿಂದ. ಎಣಿಸಲು ತೊಡಗುವಾಗ ಒಂದು ಬೇಕು, ಆದರೆ ಸಂಖ್ಯೆಯೆಂಬ ಗೌರವ ದೊರೆಯುವುದು ಎರಡಕ್ಕೆ. ಇದನ್ನು ಓದಿದಾಗ ಕನ್ನಡನಾಡಿನ ಕಣಗಳ ರೂಢಿಯೊಂದು ನೆನಪಾಗದೆ ಇರದು. ರಾಶಿಯನ್ನು ಅಳೆಯುವವನು ಹಲವೆಡೆ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಲಾಭ, ಎರಡು, ಮೂರು ಎಂದು ಲೆಕ್ಕ ಮುಂದೆ ಸಾಗುತ್ತದೆ. ಅಲ್ಲಿಯೂ ಸಂಖ್ಯೆ ತೊಡಗುವುದು ಎರಡರಿಂದ. ಈ ಎರಡು ಸಂಗತಿಗಳ ನಡುವೆ ನಂಟು ಹಚ್ಚಿ ಕಣದ ರೈತನನ್ನು ಜೈನಾಗಮದ ವಾರಸುದಾರನನ್ನಾಗಿ ಮಾಡುವ ಆಸೆ ಯಾರಿಗಾದರೂ ಬಂದರೆ ಅದನ್ನು ತಡೆದುಕೊಳ್ಳುವುದು ಒಳ್ಳೆಯದು. ಒಬ್ಬನಿಗೆ ಮಂಗಳದ ಚಿಂತೆ, ಇನ್ನೊಬ್ಬನಿಗೆ ಲಕ್ಷಣದ ಚಿಂತೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು, ಕೂಡಿಬಿಡಬಾರದು.

ಕೃತಿ ಎಂದರೇನು? ಉತ್ತರ ವೀರಸೇನಾಚಾರ್ಯನ ‘ಧವಲಾ’ ಟೀಕೆಯಲ್ಲಿದೆ. ಆ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದವು. ಯಾವ ಸಂಖ್ಯೆಯನ್ನು ವರ್ಗ ಮಾಡಿದಾಗ ಅದು ಬೆಳೆಯುತ್ತದೋ, ಆ ವರ್ಗದಿಂದ ಮೂಲವನ್ನು ಕಳೆದರೂ ಉಳಿದದ್ದು ಮೂಲಕ್ಕಿಂತ ಹೆಚ್ಚಾಗಿಯೇ ಇರುತ್ತದೋ ಅದು ಕೃತಿ. ಮೂರರ ವರ್ಗ ಒಂಬತ್ತು, ಮೂರು ಕಳೆದರೆ ಆರು. ಬೆಳೆಯಿತು. ಆದ್ದರಿಂದ ಮೂರು ಕೃತಿ. ಒಂದರ ವರ್ಗ ಒಂದೇ, ಮೂಲ ಕಳೆದರೆ ಏನೂ ಉಳಿಯದು. ಆದ್ದರಿಂದ ಒಂದು ಕೃತಿಯಲ್ಲ. ಎರಡರ ವರ್ಗ ನಾಲ್ಕು, ಎರಡು ಕಳೆದರೆ ಎರಡೇ. ವರ್ಗ ಮಾಡಿದಾಗ ಬೆಳೆದದ್ದು ನಿಜ, ಕಳೆದಮೇಲೆ ಬೆಳೆಯದೆ ಇದ್ದದ್ದೂ ನಿಜ. ಕೃತಿಯೆನ್ನಲಾಗದು, ಅಲ್ಲವೆನ್ನಲೂ ಆಗದು. ಆದ್ದರಿಂದ ಅದಕ್ಕೆ ‘ಅವಕ್ತವ್ಯ’ ಎಂದು ಹೆಸರು. ಒಂದಕ್ಕೆ ಒಂದು ಕೂಡಿದರೆ ಬರುವುದು ಅವಕ್ತವ್ಯ! ಲೋಕದಲ್ಲಿ ಇದಕ್ಕಿಂತ ಸರಳವಾದ ಲೆಕ್ಕವಿಲ್ಲವೆಂದು ತಿಳಿದಿದ್ದ ಮೊತ್ತಕ್ಕೆ, ಹೇಳಲು ಬಾರದ್ದು ಎಂಬ ಹೆಸರು ಬಿದ್ದಿದೆ. ವೀರಸೇನನ ಶಿಷ್ಯ ಜಿನಸೇನ, ಅವನ ಶಿಷ್ಯ ಗುಣಭದ್ರ. ಗುಣಭದ್ರನ ‘ಉತ್ತರಪುರಾಣ’ಕ್ಕೆ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಪೂಜೆ ಸಂದದ್ದು ಲೋಕಾದಿತ್ಯನ ಬಂಕಾಪುರದಲ್ಲಿ. ಬಂಕಾಪುರ ಇಂದಿನ ಹಾವೇರಿ ಜಿಲ್ಲೆಯಲ್ಲಿದೆ, ದೇವರಗುಡ್ಡವೂ ಅದೇ ಜಿಲ್ಲೆಯಲ್ಲಿದೆ. ಈ ನೆರೆಹೊರೆಯ ಮಾತು ಮುಂದೆ ಮತ್ತೊಮ್ಮೆ ಬರುವುದಿದೆ.

ಗ್ರೀಸಿನಲ್ಲಿ ಸಾಕ್ರಟೀಸನಿಗೂ ಇಂಥದೇ ಗೊಂದಲ ಹುಟ್ಟಿತ್ತೆಂದು ಪ್ಲೇಟೋ ‘ಫೀಡೋ’ ಸಂವಾದದಲ್ಲಿ ಹೇಳುತ್ತಾನೆ. ಬೇರೆ ಬೇರೆ ಇದ್ದಾಗ ಒಂದೊಂದೇ ಆಗಿದ್ದವು ಹತ್ತಿರ ಬಂದ ಮಾತ್ರಕ್ಕೆ ಎರಡಾದದ್ದು ಹೇಗೆ? ಒಂದನ್ನು ಸೀಳಿದರೂ ಎರಡಾಗುತ್ತದೆ. ಕೂಡುವುದೂ ಸೀಳುವುದೂ ವಿರುದ್ಧ ಕ್ರಿಯೆಗಳು, ಫಲ ಮಾತ್ರ ಒಂದೇ! ಇದಕ್ಕೆ ಸಮೀಪದ ವಿಚಾರ ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯದಲ್ಲಿದೆ, ಆದರೆ ಅಲ್ಲಿ ಗೊಂದಲವಿಲ್ಲ, ನಿಯಮವಿದೆ. ಪುದ್ಗಲದ ಸ್ಕಂಧಗಳು ಭೇದದಿಂದಲೂ ಹುಟ್ಟುತ್ತವೆ, ಸಂಘಾತದಿಂದಲೂ ಹುಟ್ಟುತ್ತವೆ. ಪರಮಾಣು ಮಾತ್ರ ಭೇದದಿಂದಲೇ ದೊರೆಯುತ್ತದೆ. ಅಂದರೆ ನಿಜವಾದ ಒಂದನ್ನು ಯಾರೂ ಕೂಡಿ ಪಡೆಯಲಾರರು. ಹತ್ತಿರ ಬಂದವೆಲ್ಲ ಕೂಡಿಕೊಳ್ಳುವುದೂ ಇಲ್ಲ. ಸ್ನಿಗ್ಧತೆ ರೂಕ್ಷತೆಗಳ ಪ್ರಮಾಣದಲ್ಲಿ ತಕ್ಕ ಅಂತರವಿದ್ದರೆ ಮಾತ್ರ ಬಂಧ. ಬಂಧವಾದಮೇಲೆ ಹೆಚ್ಚಿನ ಗುಣವುಳ್ಳದ್ದು ಕಡಿಮೆಯದನ್ನು ತನ್ನಂತೆ ಪರಿಣಮಿಸುತ್ತದೆ. ಬರಿಯ ಸಾಮೀಪ್ಯ ಮೊತ್ತವಲ್ಲವೆಂಬುದು ಸೂತ್ರಕಾರನಿಗೆ ಖಚಿತವಾಗಿ ಗೊತ್ತಿತ್ತು.

ಮಲಯಾಳದ ವೈಕಂ ಮುಹಮ್ಮದ್ ಬಷೀರರ ‘ಬಾಲ್ಯಕಾಲಸಖಿ’ (1944) ಓದಿದವರು ಇಲ್ಲಿ ಮಜೀದನನ್ನು ನೆನೆಯುತ್ತಾರೆ. ಒಂದೂ ಒಂದೂ ಸೇರಿದರೆ ಎಷ್ಟೆಂದು ಗುರುಗಳು ಕೇಳಿದಾಗ ಆ ಹುಡುಗ ಎರಡೆನ್ನದೆ, ಸ್ವಲ್ಪ ದೊಡ್ಡದಾದ ಒಂದು ಎನ್ನುತ್ತಾನೆ. ಎರಡು ಹೊಳೆಗಳು ಸೇರಿ ದೊಡ್ಡದೊಂದು ಹೊಳೆಯಾದದ್ದನ್ನು ಅವನು ಕಂಡಿದ್ದ. ಗುರುಗಳು ಅವನಿಗೆ ಬುದ್ಧಿ ಕಲಿಸಿದರು, ಓದುಗರು ಅವನನ್ನು ಪ್ರೀತಿಸಿದರು. ಕನ್ನಡನಾಡಿನ ಹೊಳೆಗಳು ಈ ಲೆಕ್ಕವನ್ನು ಇನ್ನಷ್ಟು ರಸವತ್ತಾಗಿಸುತ್ತವೆ. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದೇ ಹೊಳೆಯಾದರೂ ಹೆಸರಿನಲ್ಲಿ ಎರಡೂ ಉಳಿದವು: ತುಂಗಭದ್ರೆ. ಅದೇ ತುಂಗಭದ್ರೆಗೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದೆ ಸೇರುತ್ತದೆ. ಬನವಾಸಿಯನ್ನು ಬಳಸಿ ಬಂದ ಹೊಳೆಯೆಂಬ ಹಿರಿಮೆಯಿದ್ದರೂ ಆಮೇಲೆ ವರದೆಯ ಹೆಸರಿಲ್ಲ. ನೀರಿನ ಲೆಕ್ಕದಲ್ಲಿ ಎರಡು ಕಡೆಯೂ ನಡೆದದ್ದು ಒಂದೇ ಕ್ರಿಯೆ. ಹೆಸರಿನ ಲೆಕ್ಕದಲ್ಲಿ ಒಂದು ಕಡೆ ಎರಡು ಕೂಡಿ ಎರಡು, ಇನ್ನೊಂದು ಕಡೆ ಎರಡು ಕೂಡಿ ಒಂದು. ಆದರೂ ಮಜೀದನ ಉತ್ತರವನ್ನು ಎತ್ತಿಹಿಡಿದು ಗಣಿತ ಸುಳ್ಳೆಂದು ಹೇಳುವವರು ಹುಡುಗನಿಗೂ ಗಣಿತಕ್ಕೂ ಅನ್ಯಾಯ ಮಾಡುತ್ತಾರೆ. ಗುರುಗಳು ಎಣಿಕೆಯ ಪ್ರಶ್ನೆ ಕೇಳಿದ್ದರು, ಹುಡುಗ ಹರಿವಿನ ಉತ್ತರ ಕೊಟ್ಟ. ಇಬ್ಬರೂ ಸರಿ, ಪ್ರಶ್ನೆಗಳು ಬೇರೆ.

ಈ ‘ಪ್ರಶ್ನೆಗಳು ಬೇರೆ’ ಎಂಬುದನ್ನು ಶಾಸ್ತ್ರವಾಗಿ ಕಟ್ಟಿದ್ದು ಜೈನರ ನಯವಿಚಾರ. ನಯವೆಂದರೆ ವಸ್ತುವನ್ನು ಒಂದು ನಿರ್ದಿಷ್ಟ ಕಡೆಯಿಂದ ಹಿಡಿಯುವ ರೀತಿ. ಸಂಗ್ರಹನಯ ಹಲವನ್ನು ಸಾಮಾನ್ಯದ ಬಲದಿಂದ ಒಟ್ಟಿಗೆ ಹಿಡಿಯುತ್ತದೆ. ವ್ಯವಹಾರನಯ ಆ ಒಟ್ಟನ್ನು ವಿಧಿಪೂರ್ವಕವಾಗಿ ಬಿಡಿಸುತ್ತದೆ. ಋಜುಸೂತ್ರನಯ ಈ ಕ್ಷಣದ ಪರ್ಯಾಯವನ್ನು ಮಾತ್ರ ಒಪ್ಪುತ್ತದೆ. ದೇವರಗುಡ್ಡದಿಂದ ದೂರವಲ್ಲದ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೆನೆದರೆ ಈ ಮೂರೂ ಪಾರಿಭಾಷಿಕ ಪದಗಳು ನೆಲಕ್ಕಿಳಿಯುತ್ತವೆ. ಎರಡು ಚೀಲ ಡಬ್ಬಿ ಮೆಣಸಿನಕಾಯಿ, ಎರಡು ಚೀಲ ಕಡ್ಡಿ ಮೆಣಸಿನಕಾಯಿ ಬಂದಿವೆ ಎನ್ನೋಣ. ಚೀಲ ಹೊರುವ ಹಮಾಲನಿಗೆ ಅವು ನಾಲ್ಕು, ಅವನ ಕೂಲಿ ನಾಲ್ಕಕ್ಕೆ. ದರ ಕಟ್ಟುವ ಖರೀದಿದಾರನಿಗೆ ನಾಲ್ಕೆಂಬುದು ಅರ್ಥವಿಲ್ಲದ ಮಾತು. ದುಂಡಗಿನ ಡಬ್ಬಿ ಎರಡು, ಸಪೂರದ ಕಡ್ಡಿ ಎರಡು, ಬಣ್ಣ ಬೇರೆ, ಬೆಲೆ ಬೇರೆ. ಅವುಗಳನ್ನು ಬೆರೆಸಿ ನಾಲ್ಕು ಮಾಡಿದರೆ ಅವನ ಪಾಲಿಗೆ ಅದು ಮೊತ್ತವಲ್ಲ, ಮೋಸ. ನಿನ್ನೆ ಬಂದ ಚೀಲವನ್ನು ಇಂದಿನದಕ್ಕೆ ಸೇರಿಸಬಹುದೇ ಎಂಬುದು ಋಜುಸೂತ್ರದ ಪ್ರಶ್ನೆ. ಒಣಗಿಯೋ ತೇವ ಹೀರಿಯೋ ತೂಕ ಬದಲಾದ ಚೀಲ ನಿನ್ನೆಯದೇ ಚೀಲವಲ್ಲ.

ಕೂಡಬೇಕಾದರೆ ಎರಡು ಷರತ್ತುಗಳು ಒಟ್ಟಿಗೆ ನೆರವೇರಬೇಕೆಂದಾಯಿತು. ವಸ್ತುಗಳು ಒಂದೇ ಜಾತಿಯವೆನ್ನಿಸುವಷ್ಟು ಸಮಾನವಾಗಿರಬೇಕು. ಬೇರೆ ಬೇರೆ ಎನ್ನಿಸುವಷ್ಟು ಭಿನ್ನವೂ ಆಗಿರಬೇಕು. ಶುದ್ಧ ಸಂಗ್ರಹದ ದೃಷ್ಟಿಗೆ ಎಲ್ಲವೂ ‘ಸತ್’ ಎಂಬ ಒಂದೇ, ಅಲ್ಲಿ ಕೂಡಲು ಎರಡನೆಯದಿಲ್ಲ. ಬಿಡಿಸುತ್ತ ಬಿಡಿಸುತ್ತ ಹೋದ ದೃಷ್ಟಿಗೆ ಒಂದರಂತೆ ಇನ್ನೊಂದಿಲ್ಲ, ಅಲ್ಲಿ ಕೂಡಲು ಜೊತೆಯಿಲ್ಲ. ಕೂಡುವ ಲೆಕ್ಕ ಬದುಕಿರುವುದು ಇವೆರಡರ ನಡುವಿನ ಕಿರುದಾರಿಯಲ್ಲಿ. ವೈಶೇಷಿಕರು ಇದನ್ನೇ ಬೇರೊಂದು ಬಗೆಯಲ್ಲಿ ಹೇಳಿದರು: ‘ಇದು ಒಂದು, ಇದು ಒಂದು’ ಎಂಬ ಅಪೇಕ್ಷಾಬುದ್ಧಿಯಿಂದ ವಸ್ತುಗಳಲ್ಲಿ ದ್ವಿತ್ವವೆಂಬ ಗುಣ ಹುಟ್ಟುತ್ತದೆ, ಆ ಬುದ್ಧಿ ಅಳಿದರೆ ದ್ವಿತ್ವವೂ ಅಳಿಯುತ್ತದೆ. ಶ್ವೇತಾಂಬರ ಆಗಮವಾದ ‘ಉತ್ತರಾಧ್ಯಯನ’ ಏಕತ್ವ, ಪೃಥಕ್ತ್ವ, ಸಂಖ್ಯೆ, ಸಂಯೋಗ, ವಿಭಾಗಗಳನ್ನು ಪರ್ಯಾಯದ ಲಕ್ಷಣಗಳೆಂದು ಎಣಿಸುತ್ತದೆ. ಸಂಖ್ಯೆ ನೋಡುವವನ ಕಲ್ಪನೆಯೂ ಅಲ್ಲ, ದ್ರವ್ಯದ ಸ್ಥಿರಧರ್ಮವೂ ಅಲ್ಲ, ಅದು ದ್ರವ್ಯದ ಒಂದು ಅವಸ್ಥೆ. ಈ ನಿಲುವು ವೈಶೇಷಿಕರದಕ್ಕಿಂತ ಹೆಚ್ಚು ಸಮಾಧಾನಕರ. ಬ್ಯಾಡಗಿಯ ಚೀಲಗಳು ಹಮಾಲ ಕಣ್ಣು ಮುಚ್ಚಿದರೂ ನಾಲ್ಕಾಗಿಯೇ ಇರುತ್ತವೆ.

ಕನ್ನಡ ಭಾಷೆ ಈ ಎಚ್ಚರವನ್ನು ವ್ಯಾಕರಣದಲ್ಲಿಯೇ ಇಟ್ಟುಕೊಂಡಿದೆ. ವಸ್ತುಗಳಿಗೂ ಪ್ರಾಣಿಗಳಿಗೂ ಎರಡು, ಮೂರು, ನಾಲ್ಕು. ಮನುಷ್ಯರಿಗೆ ಇಬ್ಬರು, ಮೂವರು, ನಾಲ್ವರು. ಇಬ್ಬರು ಗೊರವರೂ ಎರಡು ನಾಯಿಗಳೂ ಗುಡ್ಡ ಹತ್ತಿದರೆ ಹತ್ತಿದವರು ನಾಲ್ವರೋ, ಹತ್ತಿದವು ನಾಲ್ಕೋ? ಕ್ರಿಯಾಪದವೇ ತಡವರಿಸುತ್ತದೆ. ಮೈಲಾರ ಪರಂಪರೆಯಲ್ಲಿ ಈ ಪ್ರಶ್ನೆ ಬರಿಯ ಚೇಷ್ಟೆಯಲ್ಲ. ದೋಣಿಸೇವೆಯಲ್ಲಿ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ಪ್ರಸಾದವನ್ನು ಬಾಯಿಂದಲೇ ಉಣ್ಣುತ್ತಾರೆ. ಆ ಹೊತ್ತಿನಲ್ಲಿ ಎಣಿಸುವವನು ಯಾವ ಪದ ಬಳಸಬೇಕು? ಜೈನ ಕಣ್ಣಿಗೆ ಉತ್ತರ ಸುಲಭ: ನಾಲ್ಕು ಜೀವ. ಕೂಡಲು ಬೇಕಾದ ಸಾಮಾನ್ಯಪದ ಸಿಕ್ಕಿತು, ಮೊತ್ತ ಬಂತು. ಆದರೆ ಆ ಪದವನ್ನು ಆರಿಸಿದ್ದು ಒಂದು ದರ್ಶನ ಎಂಬುದನ್ನು ಮರೆಯುವಂತಿಲ್ಲ.

ಇನ್ನು ಏಳರ ಮಾತು. ಏಳು ಜೈನರಿಗೂ ಆಪ್ತವಾದ ಸಂಖ್ಯೆ. ಸಪ್ತಭಂಗಿ ಹುಟ್ಟುವುದೇ ಕೂಡಿಕೆಯಿಂದ. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಬಿಡಿಗಳು ಮೂರು. ಎರಡೆರಡು ಸೇರಿದವು ಮೂರು. ಮೂರೂ ಸೇರಿದ್ದು ಒಂದು. ಒಟ್ಟು ಏಳು, ಎಂಟನೆಯದಕ್ಕೆ ಎಡೆಯಿಲ್ಲ. ಸಂಸ್ಕೃತದಲ್ಲಿ ‘ಕೋಟಿ’ ಎಂದರೆ ಪಕ್ಷ, ಅಂಚು ಎಂಬ ಅರ್ಥವೂ ಇರುವುದರಿಂದ ಬೌದ್ಧರ ಚತುಷ್ಕೋಟಿಯಂತೆ ಇದನ್ನೂ ಏಳು ಕೋಟಿ ಎಂದು ಕರೆದು ನಗಬಹುದು. ನಗುವಷ್ಟಕ್ಕೆ ಮಾತ್ರ! ಶ್ಲೇಷೆಯನ್ನು ವ್ಯುತ್ಪತ್ತಿಯೆಂದು ಅಚ್ಚು ಹಾಕಿಸಿದರೆ ಅದು ಬೇರೆಯೇ ಅಪರಾಧ. ಸಪ್ತಭಂಗಿಯಲ್ಲಿ ಕೂಡಿಕೆಯ ದೃಷ್ಟಿಯಿಂದ ಅತ್ಯಂತ ಸೂಕ್ಷ್ಮವಾದ ಸ್ಥಳ ಇನ್ನೊಂದಿದೆ. ಅಸ್ತಿ ಮತ್ತು ನಾಸ್ತಿಗಳನ್ನು ಒಂದಾದಮೇಲೊಂದರಂತೆ ಹೇಳಿದರೆ ‘ಅಸ್ತಿ-ನಾಸ್ತಿ’ ಎಂಬ ಭಂಗ. ಅವೆರಡನ್ನೇ ಒಂದೇ ಕಾಲದಲ್ಲಿ, ಒಂದೇ ಮಾತಿನಲ್ಲಿ ಹೇಳಹೊರಟರೆ ‘ಅವಕ್ತವ್ಯ’. ಘಟಕಗಳು ಅವೇ ಎರಡು, ಕೂಡಿದ ರೀತಿ ಕ್ರಮವೋ ಯುಗಪತ್ತೋ ಎಂಬುದರ ಮೇಲೆ ಫಲ ಎರಡು ಬಗೆ. ಶಾಲೆಯ ಗಣಿತದಲ್ಲಿ ಹೀಗಾಗುವುದಿಲ್ಲ. ಮೂರಕ್ಕೆ ನಾಲ್ಕನ್ನು ಇಂದು ಕೂಡಿದರೂ ನಾಳೆ ಕೂಡಿದರೂ ಏಳೇ. ತರ್ಕಕಾರರು ಹಿಡಿದದ್ದು ಮಾತಿನಲ್ಲಿ ನಡೆಯುವ ಕೂಡಿಕೆಯನ್ನು. ಅಲ್ಲಿ ಕಾಲವೂ ಒಂದು ಘಟಕ.

ಇಲ್ಲಿಯೇ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ವಿಚಾರಸಂಕಿರಣಗಳಲ್ಲಿ ಅನೇಕಾಂತವಾದವನ್ನು ಹೊಗಳುವ ಉತ್ಸಾಹದಲ್ಲಿ, ಜೈನರ ಪ್ರಕಾರ ಒಂದೂ ಒಂದೂ ಎರಡೂ ಆಗಬಹುದು, ಮೂರೂ ಆಗಬಹುದು, ಹನ್ನೊಂದೂ ಆಗಬಹುದು, ಎಲ್ಲವೂ ಸರಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಹೊಗಳಿಕೆಯ ವೇಷದ ಅಪಚಾರ. ‘ಸ್ಯಾತ್’ ಎಂಬುದಕ್ಕೆ ‘ಇದ್ದರೂ ಇರಬಹುದು’ ಎಂಬ ಅರ್ಥವಿಲ್ಲ. ‘ಒಂದು ನಿರ್ದಿಷ್ಟ ಅಪೇಕ್ಷೆಯಿಂದ’ ಎಂದು ಅದರ ಅರ್ಥ. ಆ ಅಪೇಕ್ಷೆಯನ್ನು ಒಮ್ಮೆ ಹೇಳಿದಮೇಲೆ ಉತ್ತರ ಒಂದೇ, ಅದರಲ್ಲಿ ಸಡಿಲಿಕೆಯಿಲ್ಲ. ಆದ್ದರಿಂದಲೇ ಭಂಗಗಳಲ್ಲಿ ‘ಏವ’ಕಾರ, ಅಂದರೆ ‘ಆಗಿಯೇ ಇದೆ’ ಎಂಬ ಒತ್ತು, ಸ್ಯಾತ್ ಪದದ ಜೊತೆಯಲ್ಲಿಯೇ ನಿಲ್ಲುತ್ತದೆ. ಬೇರೆ ನಯಗಳನ್ನು ಪೂರ್ತಿಯಾಗಿ ಅಲ್ಲಗಳೆಯುವ ನಯ ದುರ್ನಯವೆಂಬುದು ಎಲ್ಲರಿಗೂ ನೆನಪಿರುತ್ತದೆ. ಅಪೇಕ್ಷೆಯನ್ನೇ ಹೇಳದೆ ಎಲ್ಲಕ್ಕೂ ತಲೆಯಾಡಿಸುವುದು ನಯವೇ ಅಲ್ಲವೆಂಬುದು ಮರೆತುಹೋಗುತ್ತದೆ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1954ರಲ್ಲಿ ಸ್ಯಾದ್ವಾದವನ್ನು ಸಂಭವನೀಯತೆಯ ವಿಚಾರದೊಡನೆ ಹೋಲಿಸಿ ಬರೆದದ್ದು ಗೌರವಾರ್ಹ ಪ್ರಯತ್ನ. ಆದರೆ ಅವಕ್ತವ್ಯವನ್ನು ಅನಿಶ್ಚಿತವೆಂದು ಓದುವಲ್ಲಿ ಆ ಹೋಲಿಕೆ ಮೂಲದಿಂದ ದೂರ ಸರಿಯುತ್ತದೆ. ವೀರಸೇನ ಎರಡನ್ನು ಅವಕ್ತವ್ಯವೆಂದಾಗ ಎರಡೆಷ್ಟು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಪೇಕ್ಷೆಯನ್ನು ಹೇಳದೆ ಕೂಡುವುದರಿಂದ ಆಗುವ ನಷ್ಟ ತರ್ಕಶಾಸ್ತ್ರಕ್ಕೆ ಸೀಮಿತವಲ್ಲ. ಮೈಲಾರನ ಬಗ್ಗೆ ಬರೆಯುವವರಲ್ಲಿ ಒಂದು ರೂಢಿ ಬೇರೂರಿದೆ. ಕುರುಬರ ಪಶುಪಾಲಕ ದೈವ ಒಂದು ಪಾಲು, ಶೈವದ ಭೈರವ ಒಂದು ಪಾಲು, ಜಾನಪದದ ವೀರ ಒಂದು ಪಾಲು, ಇವೆಲ್ಲ ಕೂಡಿ ಮೈಲಾರ ಎಂದು ಸಮೀಕರಣ ಬರೆದರೆ ಅಧ್ಯಾಯ ಮುಗಿಯಿತು. ಜ್ಯುಂಥರ್ ಸೊಂಥೈಮರರಂತೆ ದಶಕಗಳ ಕಾಲ ಕುರಿಗಾರರೊಡನೆ ತಿರುಗಿ ಬರೆದವರ ಕೃತಿಯಲ್ಲಿ ಪ್ರತಿಯೊಂದು ಸಂಬಂಧಕ್ಕೂ ಊರು, ಜಾತ್ರೆ, ಹಾಡುಗಾರ, ಕಾಲ ಇರುತ್ತವೆ. ಅವರನ್ನು ಉದ್ಧರಿಸುವ ಪ್ರಬಂಧಗಳಲ್ಲಿ ಕೂಡಿಕೆಯ ಚಿಹ್ನೆ ಮಾತ್ರ ಉಳಿಯುತ್ತದೆ. ಜೈನ ಇತಿಹಾಸಕಾರರೂ ಇದರಿಂದ ಹೊರತಲ್ಲ. ಒಂದು ಊರಿನಲ್ಲಿ ನಿಷಿಧಿಕಲ್ಲೊಂದು ಕಂಡೊಡನೆ ಊರಿನ ದೈವವನ್ನೆಲ್ಲ ಬಸದಿಯ ಖಾತೆಗೆ ಜಮಾ ಮಾಡುವ ಆತುರ ಅಲ್ಲಿಯೂ ಉಂಟು. ಬಂಕಾಪುರದ ನೆರೆಹೊರೆಯೆಂಬ ಕಾರಣಕ್ಕೆ ದೇವರಗುಡ್ಡವನ್ನು ಜೈನ ಕೇಂದ್ರಗಳ ಪಟ್ಟಿಗೆ ಸೇರಿಸುವುದು ತತ್ತ್ವಾರ್ಥಸೂತ್ರಕಾರ ಬೇಡವೆಂದ ಕೂಡಿಕೆ. ಸಾಮೀಪ್ಯವಿದೆ, ಬಂಧಕ್ಕೆ ಪುರಾವೆಯಿಲ್ಲ. ಸಂಶೋಧಕನು ತನ್ನ ಮತಕ್ಕೆ ಲಾಭವಾಗುವ ಕಡೆಯೇ ಮೊದಲು ಕೈ ತಡೆಯಬೇಕು. ಬೇರೆಯವರ ಕೂಡಿಕೆಯನ್ನು ಪ್ರಶ್ನಿಸುವ ಅರ್ಹತೆ ಅದರಿಂದಲೇ ಬರುತ್ತದೆ.

ಶಾಸನಗಳ ಎಣಿಕೆಯಲ್ಲಿ ಈ ತೊಂದರೆ ಇನ್ನೂ ಗಣಿತದ ರೂಪದಲ್ಲಿಯೇ ಎದುರಾಗುತ್ತದೆ. ಪ್ರಬಂಧಗಳ ಕೊನೆಗೆ ಕೋಷ್ಟಕ ಕೊಡುವುದು ಈಗ ಕಡ್ಡಾಯವೆಂಬಂತಾಗಿದೆ: ಇಂಥ ಜಿಲ್ಲೆಯಲ್ಲಿ ಇಷ್ಟು ಜೈನ ಶಾಸನ, ಇಷ್ಟು ಶೈವ ಶಾಸನ. ಮೂರು ಅಕ್ಷರ ಉಳಿದ ತುಂಡುಕಲ್ಲು ಒಂದು, ನೂರು ಸಾಲಿನ ದಾನಶಾಸನವೂ ಒಂದು. ಎರಡೂ ಕೂಡಿ ಎರಡು. ಒಂದೇ ಕಲ್ಲಿನ ಮೇಲೆ ಶೈವ ದಾನವೂ ಬಸದಿಯ ದಾನವೂ ಇದ್ದರೆ ಅದು ಯಾವ ಅಂಕಣಕ್ಕೆ ಸೇರಬೇಕು? ಎರಡಕ್ಕೂ ಸೇರಿಸಿದರೆ ಕಲ್ಲುಗಳಿಗಿಂತ ಮೊತ್ತವೇ ಹೆಚ್ಚಾಗುತ್ತದೆ. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಗ್ರಂಥಗಳಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಶಿಗ್ಗಾವಿಗಳ ಶಾಸನಗಳೆಲ್ಲ ಧಾರವಾಡದ ಲೆಕ್ಕದಲ್ಲಿವೆ. ಹಳೆಯ ಧಾರವಾಡದ ಪಟ್ಟಿಯನ್ನೂ ಹೊಸ ಹಾವೇರಿಯ ಪಟ್ಟಿಯನ್ನೂ ಕೂಡಿದವನು ಒಂದೇ ಕಲ್ಲನ್ನು ಎರಡು ಸಲ ಎಣಿಸಿರುತ್ತಾನೆ. ಏಳುಕೋಟಿಯನ್ನು ಮೂರು ಸಲ ಕೇಳಿ 21 ಕೋಟಿ ಎಂದು ಬರೆದುಕೊಂಡವನಿಗೂ ಇವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಗುಡ್ಡದ ಭಕ್ತರು ಆ ತಪ್ಪು ಮಾಡುವುದಿಲ್ಲ.

ಒಂದೇ ಒಂದು ಹೆಚ್ಚೋ ಕಡಿಮೆಯೋ ಆದರೇನು ಎನ್ನುವವರಿಗೆ ತ್ರಿಲೋಕಸಾರದ ಸಾಸಿವೆಯ ಲೆಕ್ಕವನ್ನು ತೋರಿಸಬೇಕು. ಒಂದು ಲಕ್ಷ ಯೋಜನ ಅಗಲ, ಸಾವಿರ ಯೋಜನ ಆಳದ ಕುಂಡವನ್ನು ಸಾಸಿವೆಯಿಂದ ತುಂಬಿ, ಆ ಕಾಳುಗಳನ್ನು ದ್ವೀಪಕ್ಕೊಂದು ಸಮುದ್ರಕ್ಕೊಂದರಂತೆ ಹಾಕುತ್ತ ಹೋಗಬೇಕು. ಮುಗಿದಲ್ಲಿ ಇನ್ನೂ ದೊಡ್ಡ ಕುಂಡ, ಮತ್ತೆ ಸಾಸಿವೆ. ಹೀಗೆ ಅನವಸ್ಥಾ, ಶಲಾಕಾ, ಪ್ರತಿಶಲಾಕಾ, ಮಹಾಶಲಾಕಾ ಎಂಬ ನಾಲ್ಕು ಕುಂಡಗಳೂ ತುಂಬುವವರೆಗೆ ನಡೆಸಿದಮೇಲೆ ದೊರೆಯುವುದು ಅಸಂಖ್ಯಾತದ ಅತಿ ಚಿಕ್ಕ ಪ್ರಮಾಣ. ಅದರಲ್ಲಿ ಒಂದನ್ನು ಕಳೆದರೆ ಸಂಖ್ಯಾತದ ಅತಿ ದೊಡ್ಡ ಪ್ರಮಾಣ. ಎಣಿಕೆಗೆ ಸಿಗುವುದಕ್ಕೂ ಸಿಗದುದಕ್ಕೂ ನಡುವೆ ನಿಂತಿರುವುದು ಒಂದು ಸಾಸಿವೆ. ಇಂಗ್ಲೆಂಡಿನಲ್ಲಿ ವೈಟ್‌ಹೆಡ್ ಮತ್ತು ರಸೆಲ್ 1910ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ ಮ್ಯಾಥಮೆಟಿಕಾ’ದ ಮೊದಲ ಸಂಪುಟ, ಒಂದಕ್ಕೆ ಒಂದು ಕೂಡಿದರೆ ಎರಡೆಂಬ ಮಾತಿನ ಹತ್ತಿರ ಬರಲು 300ಕ್ಕೂ ಹೆಚ್ಚು ಪುಟಗಳನ್ನು ತೆಗೆದುಕೊಂಡಿತು. ಅದನ್ನು ಪಂಡಿತರ ಹುಚ್ಚೆಂದು ನಕ್ಕವರು ಈ ಸಾಸಿವೆಯ ಲೆಕ್ಕವನ್ನೂ ನೋಡಿ ನಗಬಹುದು. ಇಬ್ಬರೂ ಕೂಡುವ ಮೊದಲು ಕೂಡುವ ವಸ್ತುವನ್ನು ಗೊತ್ತುಮಾಡಿಕೊಂಡರು.

ಮರಳಿ ಬಂಕಾಪುರಕ್ಕೆ. ಗಂಗರ ಮಾರಸಿಂಹ ರಾಜ್ಯವನ್ನು ಬಿಟ್ಟು, 974ರಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದ್ದು ಅಲ್ಲಿ. ಅದನ್ನು ಹೇಳುವ ಶಾಸನ ಇರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ. ಜಿಲ್ಲಾವಾರು ಕೋಷ್ಟಕ ಹಾಕುವವನು ಕಲ್ಲು ನಿಂತ ಜಾಗವನ್ನು ನೋಡಿ ಅದನ್ನು ಹಾಸನಕ್ಕೆ ಬರೆದುಕೊಳ್ಳುತ್ತಾನೆ. ಹಾವೇರಿಯ ಅಂಕಣದಲ್ಲಿ ಆ ಮೂರು ದಿನದ ವ್ರತಕ್ಕೆ ಸ್ಥಳವಿಲ್ಲ. ಘಟನೆಯನ್ನು ಎಣಿಸುವವನು ಹಾವೇರಿಗೆ ಬರೆದುಕೊಳ್ಳುತ್ತಾನೆ, ಆಗ ಹಾಸನದಲ್ಲಿ ಒಂದು ಕಲ್ಲು ಕಡಿಮೆಯಾಗುತ್ತದೆ. ಇಬ್ಬರ ಕೋಷ್ಟಕಗಳೂ ಮೂರನೆಯವನ ಕೈಗೆ ಬಂದರೆ ಮಾರಸಿಂಹ ಎರಡು ಸಲ ಮುಡಿಪಿರುತ್ತಾನೆ.